ಕೆಂಚಿಯ ಉಪ್ಪಿನ ಗಿಡ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಅರಮನೆ, ಗೋಪುರಗಳ ಬಗ್ಗೆ ಬರೆಯುತ್ತಾರೆ. ಗ್ರೀಸ್ ದೇಶದಲ್ಲಿ ಅವೆಲ್ಲ ಬೇಕಾದಷ್ಟಿವೆಯಂತೆ. ನಾನು ನೋಡಿದ್ದು ಹೆಚ್ಚಾಗಿ ಆಡುಗಳನ್ನು. ಹಿರೇಗುಂಟನೂರಿನಲ್ಲಿ ಕುರಿ, ಆಡುಗಳ ನಡುವೆಯೇ ಬೆಳೆದು, ಈಗ ಅಂಗನವಾಡಿಯಲ್ಲಿ ಮಕ್ಕಳನ್ನು ಕಾಯುವ ನಾನು ಎರಡು ವಿಮಾನ, ಒಂದು ಹಡಗು ಹತ್ತಿ ಅಷ್ಟು ದೂರ ಹೋಗಿದ್ದು ಕೊನೆಗೆ ಆಡುಗಳ ಮುಂದೆ ನಿಲ್ಲುವುದಕ್ಕೆ. ಹೋದದ್ದು ಮಾತ್ರ ನನ್ನ ತಂಗಿಗಾಗಿ.

ಚಿತ್ರದುರ್ಗ, ಮಿರ್ಚಿ ಅಂಗಡಿ

ನನ್ನ ತಂಗಿಯ ಹೆಸರು ಕೆಂಚಮ್ಮ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನು ಎಸ್ಸೆಸ್ಸೆಲ್ಸಿಗೆ ನಿಂತೆ. ಅವಳು ನಿಲ್ಲಲಿಲ್ಲ. ಗಿಡಗಳ ಬಗ್ಗೆ ಓದುತ್ತ ಓದುತ್ತ ಗ್ರೀಸಿನ ಒಂದು ದ್ವೀಪಕ್ಕೆ ಹೋದಳು. ಅಲ್ಲಿ ಕಡಲ ಪಕ್ಕದ ಬಂಡೆಗಳ ಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಗಿಡವೊಂದು ಅವಳ ಕಣ್ಣಿಗೆ ಬಿತ್ತು. ಅದರ ಕುಲಕ್ಕೆ ಇಂಗ್ಲಿಷಿನಲ್ಲಿ ಸೀ ಲ್ಯಾವೆಂಡರ್ ಎನ್ನುತ್ತಾರಂತೆ. ಲ್ಯಾವೆಂಡರಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ, ಪರಿಮಳವೂ ಇಲ್ಲ ಎಂದು ಕೆಂಚಿ ಫೋನಿನಲ್ಲಿ ಹೇಳಿದ್ದಳು. "ಮತ್ತೆ ಯಾಕೆ ಆ ಹೆಸರು?" ಎಂದೆ. "ಹೋಗ್ಲಿ ಬಿಡಕ್ಕ" ಎಂದಳು.

ಅವಳು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದಳು. ನಾನು ಮಾಡಿದ ಮುದ್ದೆ ಗಂಟಾದರೂ "ಹೋಗ್ಲಿ ಬಿಡಕ್ಕ", ಬಸ್ಸು ತಪ್ಪಿದರೂ "ಹೋಗ್ಲಿ ಬಿಡಕ್ಕ". ಕಾಯಿಲೆ ಬಿದ್ದು ಊರಿಗೆ ಮರಳಿ, ಡಾಕ್ಟರು ರಿಪೋರ್ಟು ಓದಿ ತಲೆ ತಗ್ಗಿಸಿದಾಗಲೂ ನನ್ನ ಕೈ ಹಿಡಿದುಕೊಂಡು ಅದನ್ನೇ ಅಂದಳು. ಹೋದ ಸುಗ್ಗಿಯಲ್ಲಿ ನಮ್ಮ ಮನೆಯಲ್ಲೇ ತೀರಿಕೊಂಡಳು.

ತಿಥಿ ಮುಗಿದ ಮೇಲೆ ಅವಳ ಕೋಣೆ ಗುಡಿಸಿದೆ. ಮೂಲೆಯಲ್ಲಿ ದಾರ ಕಟ್ಟಿದ ಹಳೇ ಪೇಪರಿನ ಒಂದು ಕಟ್ಟು ಇತ್ತು. ಅವಳದೆನ್ನುವ ಯಾವುದನ್ನೂ ಬಿಚ್ಚಿ ನೋಡುವ ಧೈರ್ಯ ಆಗ ನನಗಿರಲಿಲ್ಲ. ಅಷ್ಟರಲ್ಲಿ ಹಳೇ ಪೇಪರಿನವನು ಸೈಕಲ್ ಮೇಲೆ ಕೂಗಿಕೊಂಡು ಬಂದ. ಕಟ್ಟನ್ನು ಹಾಗೇ ಎತ್ತಿ ಅವನಿಗೆ ಹಾಕಿಬಿಟ್ಟೆ.

ಎರಡು ವಾರದ ಮೇಲೆ ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದೆ. ಎರಡು ಮಿರ್ಚಿ ಮುಗಿದ ಮೇಲೆ ಪೇಪರಿನ ಕಡೆ ಕಣ್ಣು ಹೋಯಿತು. ಅಕ್ಷರಗಳು ಕನ್ನಡದವಲ್ಲ, ಇಂಗ್ಲಿಷಿನವೂ ಅಲ್ಲ. ಎಣ್ಣೆ ಕುಡಿದ ಮೂಲೆಯಲ್ಲಿ ಗಿಡದ ಕಾಂಡದ ಅಚ್ಚು. ಅದರ ತುದಿಗೆ ಕಡಲೆಹಿಟ್ಟಿನ ಜೊತೆ ಅಂಟಿಕೊಂಡ ನೇರಳೆ ಬಣ್ಣದ ಒಂದು ಎಸಳು.

ಕೆಂಚಿ ಗಿಡಗಳನ್ನು ಒಣಗಿಸುತ್ತಿದ್ದುದು ಪೇಪರಿನ ನಡುವೆ. ಅದು ನನಗೆ ಗೊತ್ತಿತ್ತು. ಕಟ್ಟು ಎತ್ತಿ ಕೊಡುವಾಗ ನೆನಪಾಗಲಿಲ್ಲ.

"ಯಾಕ್ರಿ ಅಕ್ಕಾರೆ, ಖಾರ ಜಾಸ್ತಿ ಆತೇನ್ರಿ?" ಮಿರ್ಚಿಯವನು ನನ್ನ ಕಣ್ಣು ನೋಡಿ ಕೇಳಿದ.

"ಹೂಂ" ಎಂದೆ. "ಈ ಪೇಪರು ಇನ್ನೂ ಐತೇನಪ್ಪ?"

"ಬೆಳಗ್ಗೇನೆ ಖಾಲಿ ಆತು. ಹೊಸದುರ್ಗದ ಬಸ್ಸಿನೋರು, ಹೊಳಲ್ಕೆರೆ ಬಸ್ಸಿನೋರು ಕಟ್ಟಿಸ್ಕೊಂಡು ಹೋದ್ರು. ಒಳ್ಳೆ ದಪ್ಪ ಪೇಪರು ಬಿಡ್ರಿ, ಎಣ್ಣೆ ಇಳೀತಿರಲಿಲ್ಲ."

ಹೀಗೆ ನನ್ನ ತಂಗಿ ಜಗತ್ತಿಗೆ ಮೊದಲ ಬಾರಿ ತೋರಿಸಬೇಕಿದ್ದ ಹೂವು ಮಿರ್ಚಿಯ ಜೊತೆ ಹೊಳಲ್ಕೆರೆ, ಹೊಸದುರ್ಗ ಸುತ್ತಿ ಬಂತು.

ಅದಾಗಿ ಸ್ವಲ್ಪ ದಿನಕ್ಕೆ ಕೆಂಚಿಯ ಜೊತೆ ಕೆಲಸ ಮಾಡುತ್ತಿದ್ದ ಎಲೆನಿ ಎಂಬ ಪ್ರೊಫೆಸರಮ್ಮನಿಂದ ಪತ್ರ ಬಂತು. ಹೊಸ ಗಿಡಕ್ಕೆ ಹೆಸರಿಡಬೇಕಾದರೆ ಹೂವಿರುವ ಒಂದು ಗಿಡವನ್ನು ಒಣಗಿಸಿ ಗಿಡಗಳ ಮ್ಯೂಸಿಯಮ್ಮಿನ ಬೀರುವಿನಲ್ಲಿ ಶಾಶ್ವತವಾಗಿ ಇಡಬೇಕಂತೆ. ಅದಿಲ್ಲದೆ ಹೆಸರು ನಿಲ್ಲುವುದಿಲ್ಲ. ಹೂವಿರುವ ಗಿಡ ಇದ್ದದ್ದು ಕೆಂಚಿ ತಂದ ಕಟ್ಟಿನಲ್ಲಿ ಮಾತ್ರ. ದಯವಿಟ್ಟು ಕಳಿಸಿ, ಗಿಡಕ್ಕೆ ಅವಳ ಹೆಸರನ್ನೇ ಇಡುತ್ತೇನೆ ಎಂದು ಬರೆದಿದ್ದರು.

"ಏನಂತ ಬರೀಲಿ?" ಎಂದು ನಮ್ಮ ಯಜಮಾನರು ಕೇಳಿದರು.

"ಕಳೆದುಹೋಗೈತೆ ಅಂತ ಬರೀರಿ."

ಕಳೆದದ್ದು ಹೇಗೆಂದು ಬರೆಯಲಿಲ್ಲ. ಎಲೆನಿ ಬೈಯಲಿಲ್ಲ, ವಿವರ ಕೇಳಲೂ ಇಲ್ಲ. ಜುಲೈನಲ್ಲಿ ಮತ್ತೆ ಹೂವು ಬರುತ್ತದೆ, ನೀವೂ ಬನ್ನಿ, ಅವಳ ಮನೆಯವರ ಕೈಯಿಂದಲೇ ಕೀಳೋಣ ಎಂದರು. ಚಳಿಗಾಲಕ್ಕೆ ಅವರಿಗೆ ರಿಟೈರ್‌ಮೆಂಟು. ಆಮೇಲೆ ಈ ಕೆಲಸ ಎತ್ತಿಕೊಳ್ಳುವವರು ಯಾರೂ ಇಲ್ಲ. ಆಗುವುದಾದರೆ ಈ ಜುಲೈನಲ್ಲೇ ಆಗಬೇಕು.

ಹಡಗು

ನಮ್ಮ ಯಜಮಾನರು ತಿಪ್ಪೇಸ್ವಾಮಿಯವರು ಮೂವತ್ತು ವರ್ಷ ಹಿರಿಯೂರು–ಹೊಸದುರ್ಗ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟು ಮೂರು ವರ್ಷವಾದರೂ ಕೆಲಸ ಅವರನ್ನು ಬಿಟ್ಟಿಲ್ಲ. ವಿಮಾನದಲ್ಲಿ ಜನ ಇನ್ನೂ ಚೀಲ ಮೇಲಿಡುತ್ತಿರುವಾಗಲೇ "ಒಳಗ್ ನಡೀರಿ, ಒಳಗ್ ನಡೀರಿ, ಹಿಂದೆ ಖಾಲಿ ಐತೆ" ಎಂದು ಶುರು ಮಾಡಿದರು. ಆಶ್ಚರ್ಯವೆಂದರೆ ಜನ ನಡೆದರು. ಆ ದನಿಗೆ ಭಾಷೆ ಬೇಕಾಗಿಲ್ಲವೆಂದು ಕಾಣುತ್ತದೆ.

ಹಡಗಿಗೆ ಹತ್ತುವ ಮೊದಲು ಚೀಲ ತಪಾಸಣೆ ಮಾಡಿದವನು ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದು ಮೂಗು ಹತ್ತಿರ ಒಯ್ದ. ಹದಿನಾಲ್ಕು ಸಲ ಸೀನಿದ. ಹಿಂದಿನ ಸಾಲಿನವರು ಪ್ರತಿ ಸೀನಿಗೂ ಅವರ ಭಾಷೆಯಲ್ಲಿ ಒಂದು ಮಾತು ಹೇಳಿ ಹಾರೈಸಿದರು. ಕೊನೆಕೊನೆಗೆ ನಮ್ಮ ಯಜಮಾನರೂ ಕಲಿತು ಹೇಳಿದರು. ಅವನು ಕಣ್ಣೀರು ಒರೆಸಿಕೊಳ್ಳುತ್ತ ರೊಟ್ಟಿ ಸುತ್ತಿದ್ದ ಕನ್ನಡ ಪೇಪರನ್ನು ಬಿಚ್ಚಿ ನೋಡದೆಯೇ ನಮ್ಮನ್ನು ಒಳಗೆ ಬಿಟ್ಟ.

ನಾನು ಕಡಲು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆ ಡ್ಯಾಮಿನದು.

"ಮಾರಿಕಣಿವೆಗಿಂತ ದೊಡ್ಡದಾಗೇ ಐತೆ" ಎಂದು ಯಜಮಾನರು ಒಪ್ಪಿಕೊಂಡರು. ಸ್ವಲ್ಪ ಹೊತ್ತು ನೋಡಿ, "ಆದ್ರೆ ಕೋಡಿ ಎಲ್ಲೈತೆ ಅಂತ ಗೊತ್ತಾಗ್ತಾ ಇಲ್ಲ" ಎಂದರು.

ದ್ವೀಪ, ಮೊದಲ ದಿನ

ಹಡಗು ಇಳಿಯುತ್ತಿದ್ದಂತೆ ಹತ್ತಿಯಂಥ ಬಿಳಿ ಕೂದಲಿನ ಎತ್ತರದ ಹೆಂಗಸೊಬ್ಬರು ದೂರದಿಂದಲೇ ಎರಡೂ ಕೈ ಎತ್ತಿ ಕೂಗಿದರು.

"ಲೇ! ಬರ್ರಿ! ಊಟ ಆತೇನ್ರಿ?"

ನನ್ನ ಕಾಲು ಅಲ್ಲೇ ನಿಂತುಹೋಯಿತು. ಮುಖ ಅವರದು, ದನಿ ಅವರದು, ಮಾತಿನ ರಾಗ ಮಾತ್ರ ಕೆಂಚಿಯದು. ಮೂರು ವರ್ಷ ಜೊತೆಯಲ್ಲಿದ್ದ ಕೆಂಚಿ ಎಲೆನಿಗೆ ಇಪ್ಪತ್ತು ಮೂವತ್ತು ಮಾತು ಕಲಿಸಿದ್ದಳು. ಯಾರನ್ನಾದರೂ ಪ್ರೀತಿಯಿಂದ ಕರೆಯಬೇಕಾದರೆ "ಲೇ" ಅನ್ನಬೇಕೆಂದೂ ಹೇಳಿಕೊಟ್ಟಿದ್ದಳು. ಹಾಗಾಗಿ ಅಷ್ಟು ದೊಡ್ಡ ಪ್ರೊಫೆಸರಮ್ಮ ನಮ್ಮ ಯಜಮಾನರನ್ನು "ಲೇ ಭಾವ" ಎಂದು ಕರೆದರು. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಬಾರದ ಧೈರ್ಯ ಅದು.

ಗೊತ್ತಿದ್ದ ಮಾತು ಮುಗಿದ ಮೇಲೆ ಎಲೆನಿ ಫೋನಿಗೆ ಹೇಳುತ್ತಿದ್ದರು, ಫೋನು ನಮಗೆ ಕನ್ನಡದಲ್ಲಿ ಹೇಳುತ್ತಿತ್ತು. ಅದರ ಕನ್ನಡವೋ ಹಳೇ ನಾಟಕದ ರಾಜನದು. "ನಿಮ್ಮ ಆಗಮನದಿಂದ ನಾನು ಹರ್ಷಿತಳಾಗಿದ್ದೇನೆ" ಎಂದಿತು. ಯಜಮಾನರು ಫೋನಿಗೇ ಕೈ ಮುಗಿದರು.

ಊರು ಕಂಡ ಮೇಲೆ ಅವರ ಮುಖ ಸಪ್ಪಗಾಯಿತು. ಎಲ್ಲಿ ನೋಡಿದರೂ ಬಂಡೆ, ಮುಳ್ಳುಗಿಡ, ಕಲ್ಲು ಜೋಡಿಸಿದ ಗೋಡೆ. ಗುಡ್ಡದ ಮೇಲೆ ನಮ್ಮಲ್ಲಿಯ ಹಾಗೇ ತಿರುಗುವ ಗಾಳಿಯಂತ್ರ.

"ಲೇ ಹಾಲಮ್ಮ, ಇಷ್ಟು ದೂರ ಬಂದು ದುರ್ಗಾನೇ ನೋಡಂಗಾತಲ್ಲೇ."

"ಪಕ್ಕದಾಗೆ ಸಮುದ್ರ ಐತಲ್ರಿ."

"ದುರ್ಗದಾಗೂ ಇದ್ದಿದ್ರೆ ಹಿಂಗೇ ಇರ್ತಿತ್ತು" ಎಂದರು.

ಎರಡನೆಯ ದಿನ

ಗಿಡ ಇದ್ದದ್ದು ಕಡಲಿಗೆ ಚಾಚಿದ ಒಂದು ಬಂಡೆಯ ಮೂತಿಯ ಮೇಲೆ. ಸುತ್ತ ಮೊಣಕಾಲೆತ್ತರದ ಕಲ್ಲುಗೋಡೆ. ಒಳಗೆ ಆರು ಗಿಡ, ಆರಕ್ಕೂ ಪಕ್ಕದಲ್ಲಿ ನಂಬರು ಬರೆದ ಗೂಟ. ಗೂಟ ಹೊಡೆದವಳು ಕೆಂಚಿ, ನಂಬರು ಅವಳ ಅಕ್ಷರ.

ಸತ್ಯ ಹೇಳಬೇಕೆಂದರೆ ಗಿಡ ನೋಡಿ ನನಗೆ ನಿರಾಸೆಯಾಯಿತು. ಒಂದು ಗೇಣೂ ಇಲ್ಲ. ಬುಡದಲ್ಲಿ ಔಷಧಿ ಕುಡಿಸುವ ಚಮಚದಂಥ ದಪ್ಪ ಎಲೆಗಳ ಸುತ್ತು. ಅದರ ನಡುವಿಂದ ಕಡ್ಡಿಯಂಥ ಕಾಂಡ ಎದ್ದು ಅಡ್ಡಾದಿಡ್ಡಿ ಕವಲಾಗಿದೆ. ಕವಲಿನ ಒಂದೇ ಮಗ್ಗುಲಿಗೆ, ಬಸ್ಸಿನ ಒಂದೇ ಕಡೆಯ ಸೀಟಿನಂತೆ, ಸಾಲಾಗಿ ನೇರಳೆ ಹೂವು. ಎಲೆನಿ ಭೂತಗನ್ನಡಿ ಕೊಟ್ಟು ನೋಡು ಎಂದರು. ಇದರ ಅಕ್ಕಪಕ್ಕದ ಜಾತಿಗಳಲ್ಲಿ ಹೂವಿನ ಬಟ್ಟಲಿನ ಹೊರಗೆ ನವಿರು ರೋಮವಿರುತ್ತದಂತೆ. ಇದರದು ನುಣ್ಣಗಿತ್ತು. ಬಟ್ಟಲು ಬಣ್ಣದ ಕಾಗದದಂತೆ ಗರಿಗರಿ. ಗಿಡ ಒಣಗಿದರೂ ಅದರ ಬಣ್ಣ ಬಹಳ ಕಾಲ ಹೋಗುವುದಿಲ್ಲವಂತೆ.

ಆಮೇಲೆ ಎಲೆನಿ ಒಂದು ಎಲೆಯ ಕಡೆ ಬೆರಳು ತೋರಿಸಿ ನಾಲಗೆ ಚಾಚಿದರು. ನೆಕ್ಕು ಎಂದು ಅರ್ಥ. ನೆಕ್ಕಿದೆ. ಉಪ್ಪು! ಬೇರಿನಿಂದ ಬಂದ ಕಡಲ ಉಪ್ಪನ್ನು ಗಿಡ ಎಲೆಯ ಮೇಲೆ ಬೆವರಿನಂತೆ ಹೊರಗೆ ಹಾಕುತ್ತದೆ. ಫೋನು ಗಂಭೀರವಾಗಿ ವಿವರಿಸಿತು: "ನಿನ್ನ ಸಹೋದರಿಯು ಮೇಕೆಗಳು ಈ ಸಸ್ಯವನ್ನು ನೆಕ್ಕುವುದನ್ನು ಕಂಡಳು. ತದನಂತರ ತಾನೂ ಮಂಡಿಯೂರಿ ನೆಕ್ಕಿದಳು. ನಾನು ಅವಳಿಗೆ ಹುಚ್ಚು ಎಂದು ಭಾವಿಸಿದೆನು."

ನನಗೆ ನಗು ತಡೆಯಲಾಗಲಿಲ್ಲ. ನಮ್ಮಪ್ಪ ಕುರಿ ಆಡುಗಳಿಗೆ ಚಪ್ಪಟೆ ಬಂಡೆಯ ಮೇಲೆ ಉಪ್ಪು ಚೆಲ್ಲುತ್ತಿದ್ದ. ಅವುಗಳ ನಡುವೆ ತೂರಿ ಬಂಡೆ ನೆಕ್ಕುತ್ತಿದ್ದವಳು ಕೆಂಚಿ. ಎಷ್ಟು ಓದಿದರೂ ಆ ಚಾಳಿ ಹೋಗಿರಲಿಲ್ಲ. ಅಪ್ಪನ ಉಪ್ಪುಬಂಡೆಯನ್ನೇ ಅವಳು ಇಲ್ಲಿ ಮತ್ತೆ ಕಂಡುಹಿಡಿದಿದ್ದಳು.

ಅದೇ ಗಳಿಗೆಯಲ್ಲಿ ಎದುರಿನ ಗುಡ್ಡದಲ್ಲಿ ಒಂದು ಆಡಿನ ಮರಿ ತಾಯಿಯಿಂದ ತಪ್ಪಿಸಿಕೊಂಡು ಅರಚಿತು. ಅಪ್ಪನ ನೆನಪಿನಲ್ಲಿದ್ದ ನಾನು ಏನೂ ಯೋಚಿಸದೆ ಬಾಯಿಗೆ ಕೈ ಅಡ್ಡ ಹಿಡಿದು ಅಪ್ಪ ಕರೆಯುತ್ತಿದ್ದ ಹಾಗೆ ಕರೆದೆ.

"ಟುರ್ರ್ರ್ರ್... ಬ್ಯಾ, ಬ್ಯಾ, ಬ್ಯಾ!"

ಗ್ರೀಸಿನ ಆಡುಗಳಿಗೆ ಹಿರೇಗುಂಟನೂರಿನ ಕರೆ ತಿಳಿಯುತ್ತದೆಂದು ಯಾರಿಗೆ ಗೊತ್ತಿತ್ತು? ಮರಿ ಒಂದೇ ಅಲ್ಲ, ಗುಡ್ಡದ ಮೇಲಿದ್ದ ನಲವತ್ತೂ ತಲೆ ಎತ್ತಿದವು. ಮುಂದೆ ಗಂಟೆ ಕಟ್ಟಿದ ಒಂದು ಕರಿ ಆಡು, ಅದರ ಹಿಂದೆ ಉಳಿದವೆಲ್ಲ, ಮದುವೆ ಊಟಕ್ಕೆ ಎಲೆ ಹಾಕಿದ ಸುದ್ದಿ ಕೇಳಿದವರಂತೆ ಇಳಿದು ಬಂದವು. ಕಲ್ಲುಗೋಡೆ ಅವಕ್ಕೆ ಹೊಸ್ತಿಲಿನಷ್ಟೂ ಎತ್ತರವಾಗಲಿಲ್ಲ.

"ಹೋಲ್ಡಾನ್! ಹೋಲ್ಡಾನ್!" ಎಂದು ಯಜಮಾನರು ಬಸ್ಸು ನಿಲ್ಲಿಸುವವರಂತೆ ಕೂಗಿದರು. ಆಮೇಲೆ ಟವೆಲ್ ಬೀಸಿದರು. ಒಂದು ಆಡು ಟವೆಲನ್ನೂ ತಿನ್ನಲು ನೋಡಿತು. ಎಲೆನಿ ಕೂಗಿದ್ದು ಗ್ರೀಕ್ ಭಾಷೆಯಲ್ಲಿ. ಅದನ್ನು ಫೋನು ಅನುವಾದಿಸಲು ಒಪ್ಪಲಿಲ್ಲ.

ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯಲಿಲ್ಲ. ಆರು ಗಿಡಗಳ ಹೂವೂ ಹೋಯಿತು. ನಾಲ್ಕನೇ ನಂಬರಿನ ಗೂಟವೂ ಹೋಯಿತು.

ನಾನು ಅಲ್ಲೇ ಕುಕ್ಕರಿಸಿದೆ. ಮೊದಲ ಸಲ ನನ್ನ ಕೈಯಾರೆ ಹಳೇ ಪೇಪರಿಗೆ ಹಾಕಿದೆ. ಎರಡನೇ ಸಲ ನಾನೇ ಕರೆದು ಆಡಿಗೆ ಮೇಯಿಸಿದೆ. ಇಷ್ಟು ಶ್ರದ್ಧೆಯಿಂದ ತಂಗಿಯ ಹೆಸರು ಅಳಿಸಿದ ಅಕ್ಕ ಬೇರೆಲ್ಲೂ ಇರಲಾರಳು. ಎಲೆನಿ ನನ್ನ ಪಕ್ಕ ಬಂದು, "ಕುಂತ್ಕಳ್ರಿ" ಎಂದರು. ನಾನು ಆಗಲೇ ಕುಂತಿದ್ದೆ. ಹಾಗಾಗಿ ಅವರೂ ಕುಂತರು.

ಮೂರನೆಯ ದಿನ

ಬೆಳಗಾಗುತ್ತಲೇ ನಾನು ಯಜಮಾನರನ್ನು ಎಬ್ಬಿಸಿದೆ. ಆಡಿನ ವಿಷಯದಲ್ಲಿ ಅಪ್ಪ ಹೇಳಿಕೊಟ್ಟ ಒಂದು ಮಾತು ನೆನಪಾಗಿತ್ತು. ಉಪ್ಪಿನ ರುಚಿ ಕಂಡ ಆಡು ಮರುದಿನವೂ ಉಪ್ಪು ಇರುವ ಕಡೆಗೇ ಹೋಗುತ್ತದೆ. ಮುಂದಾಳು ಆಡಿಗೆ ಅಂಥ ಜಾಗಗಳೆಲ್ಲ ಬಾಯಿಪಾಠ.

"ಕರಿ ಆಡಿನ ಹಿಂದೆ ಹೋಗಾಣ ನಡೀರಿ."

"ಅಂದ್ರೆ ಇವತ್ತು ಅದೇ ಡ್ರೈವರಾ?" ಎಂದರು ಯಜಮಾನರು.

ಎಲೆನಿಯೂ ಬಂದರು. ನಂಬಿಕೆ ಇತ್ತೆಂದಲ್ಲ, ನಮ್ಮನ್ನು ಒಂಟಿಯಾಗಿ ಬಿಡಲು ಭಯವಿತ್ತು. ಗಿಡ ಒತ್ತುವ ಹಲಗೆಗಳನ್ನೂ ತರಲಿಲ್ಲ. ನನ್ನ ಚೀಲದಲ್ಲಿ ಇದ್ದದ್ದು ಪೇಪರಿನಲ್ಲಿ ಸುತ್ತಿದ ರೊಟ್ಟಿ ಮಾತ್ರ.

ಡ್ರೈವರು ನಮ್ಮನ್ನು ಬಿಸಿಲಿನಲ್ಲಿ ಎರಡು ಗುಡ್ಡ ಸುತ್ತಿಸಿತು. ಒಂದು ಕಡೆ ನಿಂತು ಮೆಲುಕು ಹಾಕಿತು, ನಾವೂ ನಿಂತು ರೊಟ್ಟಿ ತಿಂದೆವು. ಆಮೇಲೆ ಕಡಲ ಕಡೆಗೆ ಇಳಿದು, ಒಂದು ಬಂಡೆಯ ಅಂಚಿನಲ್ಲಿ ಮುಂಗಾಲು ಊರಿ, ಕತ್ತು ಉದ್ದ ಮಾಡಿ ನಾಲಗೆ ಚಾಚಿತು. ನಾಲಗೆ ಎಟುಕಲಿಲ್ಲ. ಇನ್ನೂ ಚಾಚಿತು.

ಬಂಡೆಯ ಕೆಳಗಿನ ಬಿರುಕಿನಲ್ಲಿ, ಆಡಿನ ನಾಲಗೆಗೆ ಒಂದು ಗೇಣು ಆಚೆ, ಉದ್ದಕ್ಕೂ ನೇರಳೆ ಬಣ್ಣ ಸಾಲುಗಟ್ಟಿ ನಿಂತಿತ್ತು.

ಎಲೆನಿ ಭೂತಗನ್ನಡಿ ಹಿಡಿದು ಅಂಚಿನಿಂದ ಬಗ್ಗಿ ನೋಡಿ ನೋಡಿ, ಅದೇ, ಅದೇ ಎನ್ನುವಂತೆ ತಲೆಯಾಡಿಸಿದರು. ಆದರೆ ಆಡಿಗೆ ಎಟುಕದ್ದು ನಮಗೂ ಎಟುಕಲಿಲ್ಲ. ಕೆಳಗೆ ನೀರು ಆಳವಿರಲಿಲ್ಲ, ಬಂಡೆ ಮಾತ್ರ ಪಾಚಿಗಟ್ಟಿ ಜಾರುತ್ತಿತ್ತು.

ಆಗ ನಮ್ಮ ಯಜಮಾನರು ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿದರು.

"ರೀ, ವಯಸ್ಸೆಷ್ಟು ಅಂತ ನೆನಪೈತಾ?"

"ಲೇ, ದನದ ಸಂತೆ ದಿನ ಬಸ್ಸಿನ ತುಂಬ ಜನ ಹಾಕ್ಕೊಂಡು, ಹೊಸದುರ್ಗದಿಂದ ಹಿರಿಯೂರ ತನಕ ಒಂದ್ ಕೈಯಾಗೆ ನೇತಾಡ್ಕೊಂಡು ಬಂದೋನು ನಾನು. ಇನ್ನೊಂದ್ ಕೈಯಾಗೆ ಟಿಕೆಟ್ ಹರೀತಿದ್ದೆ. ಈ ಬಂಡೆ ಅಲ್ಲಾಡೋದೂ ಇಲ್ಲ."

ಅಂಚಿನ ಕಲ್ಲಿನ ಮೂಲೆಯನ್ನು ಎಡಗೈಯಲ್ಲಿ ಫುಟ್‌ಬೋರ್ಡಿನ ಕಂಬಿಯಂತೆ ಹಿಡಿದು, ಒಂದು ಕಾಲು ಬಿರುಕಿಗೆ ಕೊಟ್ಟು, ದೇಹವನ್ನೆಲ್ಲ ಆಚೆಗೆ ತೂಗಿಬಿಟ್ಟರು. ಅವರ ಸೊಂಟಕ್ಕೆ ಸುತ್ತಿದ್ದ ಟವೆಲ್ ನಾನು ಹಿಡಿದೆ. ನನ್ನನ್ನು ಎಲೆನಿ ಹಿಡಿದರು. ಬಲಗೈಗೆ ಎಲೆನಿಯ ಜೇಬಿನ ಚಾಕು ಕೊಟ್ಟೆವು.

"ಒಂದೇ ಕೀಳ್ರಿ! ಉಳಿದಿದ್ದು ಅಲ್ಲೇ ಇರ್ಲಿ!"

"ಒಂದೇ ಟಿಕೆಟ್ಟು!" ಎಂದು ಕೂಗಿದರು. ಸ್ವಲ್ಪ ಹೊತ್ತು ಬಂಡೆ ಕೆರೆಯುವ ಸದ್ದು. ಆಮೇಲೆ ಹಿರಿಯೂರಿಗೇ ಕೇಳಿಸುವ ಹಾಗೆ, "ರೈಟ್, ರೈಟ್!"

ಎಳೆದೆವು. ಬೇರು ಸಮೇತ ಒಂದು ಗಿಡ ಹಿಡಿದುಕೊಂಡು ಯಜಮಾನರು ಮೇಲೆ ಬಂದರು. ಅದನ್ನು ಗೆದ್ದವರಂತೆ ತಲೆಯ ಮೇಲೆತ್ತಿ ಹಿಡಿದದ್ದು ತಪ್ಪಾಯಿತು. ಅಷ್ಟು ಹೊತ್ತು ಪಕ್ಕದಲ್ಲಿ ತಾಳ್ಮೆಯಿಂದ ನಿಂತಿದ್ದ ಡ್ರೈವರು ಕತ್ತು ಚಾಚಿ ಒಂದು ಕವಲಿನ ತುದಿಯನ್ನು ಕಚ್ಚಿ ತೆಗೆದುಕೊಂಡಿತು. ಅಷ್ಟರೊಳಗೆ ನಾನು ಅದರ ದವಡೆ ಹಿಡಿದು ಉಳಿದದ್ದನ್ನು ಬಿಡಿಸಿದ್ದೆ. ದಾರಿ ತೋರಿಸಿದ ಕೂಲಿ ಎಂದುಕೊಂಡು ಸುಮ್ಮನಾದೆವು.

ಎಲೆನಿಯ ಮನೆ

ಗಿಡವನ್ನು ರೊಟ್ಟಿ ಸುತ್ತಿದ್ದ ಕನ್ನಡ ಪೇಪರಿನ ನಡುವೆಯೇ ಇಟ್ಟು ತಂದಿದ್ದೆವು. ಎಲೆನಿ ಅದನ್ನು ತೆಗೆದು ಎಲೆಗಳನ್ನು ಬಿಡಿಸಿ, ಕವಲುಗಳನ್ನು ಜೋಡಿಸಿ, ಹೊಸ ಕಾಗದ ತರಲು ಹೊರಟರು. ನಾನು ಬೇಡ ಎಂದೆ. ನಮ್ಮೂರ ಪೇಪರಿನಲ್ಲೇ ಒಣಗಲಿ ಎಂದೆ. ಅವರು ಒಪ್ಪಿದರು.

ಮೇಲೆ ಇನ್ನೊಂದು ಹಾಳೆ ಮುಚ್ಚಿದ ಮೇಲೆ ನನಗೆ ಗಾಬರಿ ಶುರುವಾಯಿತು. ಹೊರಗಿನಿಂದ ನೋಡಿದರೆ ಅದು ಕೆಂಚಿಯ ಕೋಣೆಯ ಮೂಲೆಯಲ್ಲಿದ್ದ ಕಟ್ಟಿನ ಹಾಗೇ ಕಂಡಿತು. ಹಳೇ ಪೇಪರು, ಅಷ್ಟೇ. ಒಂದು ಚೀಟಿ ತೆಗೆದುಕೊಂಡು, ಅಂಗನವಾಡಿಯ ಗೋಡೆಗೆ ಬರೆಯುವಂಥ ದೊಡ್ಡ ಅಕ್ಷರದಲ್ಲಿ ಬರೆದು ಅದರ ಮೇಲಿಟ್ಟೆ.

ಎಲೆನಿ ಚೀಟಿಯನ್ನು ನೋಡಿ, ಏನು ಇದು, ಪ್ರಾರ್ಥನೆಯೇ ಎಂದು ಕೇಳಿದರು.

ಯಜಮಾನರು ಕಿಟಕಿಯ ಕಡೆ ತಿರುಗಿದರು. ನಾನು ಫೋನನ್ನು ಹತ್ತಿರ ಎಳೆದುಕೊಂಡು ಎಲ್ಲವನ್ನೂ ಹೇಳಿದೆ. ಕಟ್ಟು, ಸೈಕಲ್, ಮಿರ್ಚಿ, ಹೊಳಲ್ಕೆರೆ ಬಸ್ಸು. ಕಳೆದುಹೋಗಿದೆ ಎಂದು ಬರೆಸಿದ್ದು ಪೂರ್ತಿ ನಿಜವಲ್ಲ, ಹಾಕಿದವಳು ನಾನೇ ಎಂದೂ ಹೇಳಿದೆ. ಫೋನು ನಿಧಾನವಾಗಿ ಒಂದೊಂದನ್ನೇ ಅವರ ಭಾಷೆಗೆ ತಿರುಗಿಸಿತು. ಮಿರ್ಚಿ ಎಂದರೇನೆಂದು ಅದಕ್ಕೂ ತಿಳಿಯಲಿಲ್ಲ, ಎರಡು ಸಲ ಕೇಳಿತು.

ಎಲೆನಿ ಪೂರ್ತಿ ಕೇಳಿದರು. ಏನೋ ಹೇಳಲು ಫೋನು ಕೈಗೆತ್ತಿಕೊಂಡರು. ಮತ್ತೆ ಕೆಳಗಿಟ್ಟರು. ನನ್ನ ಕೈ ಹಿಡಿದುಕೊಂಡು ಹೇಳಿದರು:

"ಹೋಗ್ಲಿ ಬಿಡಕ್ಕ."

ತಿಥಿಯ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಯಜಮಾನರು ಕಿಟಕಿಯಿಂದ ತಿರುಗದೆಯೇ, "ಖಾರ ಜಾಸ್ತಿ ಆತೇನ್ರಿ?" ಎಂದರು. ಅವರ ಹೆಗಲೂ ಕುಲುಕುತ್ತಿತ್ತು.

ಮತ್ತೆ ಮಿರ್ಚಿ ಅಂಗಡಿ

ಚಳಿಗಾಲ ಬರುವ ಮೊದಲೇ ಎಲೆನಿ ಫೋಟೋ ಕಳಿಸಿದರು. ದಪ್ಪ ಬಿಳಿ ಹಾಳೆಯ ಮೇಲೆ ಹೊಲಿದು ಕೂರಿಸಿದ ಗಿಡ. ಬಣ್ಣ ಹಾಗೇ ಇದೆ. ಒಂದು ಕವಲಿಗೆ ತುದಿಯಿಲ್ಲ. ಕೆಳಗೆ ಲ್ಯಾಟಿನ್ ಹೆಸರಿನಲ್ಲಿ ನನ್ನ ತಂಗಿ ಇದ್ದಾಳೆ. ಅದರ ಪಕ್ಕ, ಶಾಶ್ವತವಾಗಿ ಇರುವ ಹಾಗೆ ಅಂಟಿಸಿ, ನನ್ನ ಚೀಟಿ. ಗಿಡದ ಜೊತೆ ಬಂದ ಯಾವ ಬರಹವನ್ನೂ ಎಸೆಯುವ ಪದ್ಧತಿ ಅವರಲ್ಲಿ ಇಲ್ಲವಂತೆ.

ನಮ್ಮ ಯಜಮಾನರು ಆ ಫೋಟೋವನ್ನು ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ತೋರಿಸದ ಜನ ಇಲ್ಲ. ಮಿರ್ಚಿಯವನಿಗೂ ತೋರಿಸಿದರು. ಅವನು ಕೈ ಒರೆಸಿಕೊಂಡು ಫೋನು ಹಿಡಿದು ಚೀಟಿಯನ್ನು ಗಟ್ಟಿಯಾಗಿ ಓದಿದ.

"ಇದು ಗಿಡ. ಹಳೇ ಪೇಪರಿಗೆ ಹಾಕಬ್ಯಾಡ್ರಿ. ಇಂತಿ, ಕೆಂಚಿಯ ಅಕ್ಕ."

ಆಮೇಲೆ ನಮಗೆ ಕಟ್ಟಿಕೊಡಲು ಒಂದು ಹಾಳೆ ಎಳೆದುಕೊಂಡ. ಅದನ್ನು ಬೆಳಕಿಗೆ ಹಿಡಿದು ಆ ಕಡೆ ನೋಡಿದ, ಈ ಕಡೆ ನೋಡಿದ, ಒಂದು ಸಲ ಮೆಲ್ಲಗೆ ಕೊಡವಿದ. ಏನೂ ಬೀಳಲಿಲ್ಲ. ಮಿರ್ಚಿ ಸುತ್ತಿ ಕೈಗೆ ಕೊಟ್ಟ.